ನೋವಿನ ನುಡಿ ಮತ್ತು ನಂಬಿಕೆಯ ಅಂಕ: ಸೊಂಟನೋವಿನ ಪ್ರಶ್ನಾವಳಿಗಳ ಕನ್ನಡವನ್ನು ಕುರಿತು

ಕನ್ನಡ ಎಂ.ಎ. ಮುಗಿಸಿ ಸಂಶೋಧನೆಯಲ್ಲಿ ತೊಡಗಿರುವವರ ಬಳಿಗೆ, ಅದರಲ್ಲೂ ವೈದ್ಯಕೀಯ ಕಾಲೇಜುಗಳಿರುವ ಊರುಗಳಲ್ಲಿ, ಆಗಾಗ ಒಂದು ಬೇಡಿಕೆ ಬರುತ್ತದೆ. ಫಿಸಿಯೋಥೆರಪಿಯಲ್ಲೋ ನರ್ಸಿಂಗ್‌ನಲ್ಲೋ ಸ್ನಾತಕೋತ್ತರ ಪದವಿ ಓದುತ್ತಿರುವ ವಿದ್ಯಾರ್ಥಿಯೊಬ್ಬರು ಎರಡು ಮೂರು ಪುಟಗಳ ಇಂಗ್ಲಿಷ್ ಪ್ರಶ್ನಾವಳಿಯನ್ನು ಹಿಡಿದು ಬರುತ್ತಾರೆ. ಜೊತೆಗೆ ಅವರೇ ಮಾಡಿದ ಕನ್ನಡದ ಕರಡೂ ಇರುತ್ತದೆ. ಕಾಗುಣಿತವನ್ನು ತಿದ್ದಿ, ಅನುವಾದವು ಮೂಲಕ್ಕೆ ನಿಷ್ಠವಾಗಿದೆಯೆಂದು ಒಂದು ಪ್ರಮಾಣಪತ್ರ ಬರೆದುಕೊಟ್ಟು, ಸಾಧ್ಯವಾದರೆ ವಿಭಾಗದ ಮೊಹರನ್ನೂ ಒತ್ತಿಸಿಕೊಡಬೇಕು, ಇಷ್ಟೇ ಕೆಲಸ. ನಾವು ಇದನ್ನು ಉಪಕಾರವೆಂದು ಭಾವಿಸಿ ಮಾಡಿಕೊಡುತ್ತೇವೆ. ಸಂಶೋಧನೆಯೆಂದು ಯಾರೂ ಭಾವಿಸುವುದಿಲ್ಲ.

ಮೂರು ವರ್ಷಗಳ ಹಿಂದೆ ನಾನೂ ಇಂತಹ ಒಂದು ಪತ್ರಕ್ಕೆ ಸಹಿ ಹಾಕಿದೆ. ಅದು ಸೊಂಟನೋವಿನ ರೋಗಿಗಳು ತಮ್ಮ ನೋವಿನ ಬಗ್ಗೆ ಏನನ್ನು ನಂಬಿದ್ದಾರೆ ಎಂಬುದನ್ನು ಅಳೆಯುವ ಪ್ರಶ್ನಾವಳಿ. ಒಂದು ಸಂಜೆಯಲ್ಲಿ ಕೆಲಸ ಮುಗಿಯಿತು. ಕರಡಿನಲ್ಲಿದ್ದ ‘ಕೆಡಕು’ ಎಂಬುದನ್ನು ‘ಹಾನಿಕಾರಕ’ ಎಂದೂ, ‘ಬಗ್ಗೋದು ಎತ್ತೋದು’ ಎಂಬುದನ್ನು ‘ದೈಹಿಕ ಚಟುವಟಿಕೆ’ ಎಂದೂ ತಿದ್ದಿದವನು ಬೇರೆ ಯಾರೂ ಅಲ್ಲ, ನಾನೇ. ಅನಂತರ, ಕುತೂಹಲದಿಂದ, ಆ ವಿದ್ಯಾರ್ಥಿನಿಯೊಡನೆ ಎರಡು ದಿನ ಬೆಳಗಿನ ಹೊತ್ತು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕುಳಿತೆ. ಈ ಬರಹಕ್ಕೆ ಪ್ರೇರಣೆ ಆ ಎರಡು ಬೆಳಗುಗಳು.

ವಿಷಯವು ನಮ್ಮ ಓದುಗರಿಗೆ ಹೊಸದಾಗಿರಬಹುದಾದ್ದರಿಂದ ಇಂತಹ ಪ್ರಶ್ನಾವಳಿಗಳ ಹುಟ್ಟಿನ ಬಗ್ಗೆ ಒಂದೆರಡು ಮಾತು ಅಗತ್ಯ. ಸೊಂಟನೋವಿನ ಬಹುಪಾಲು ಪ್ರಸಂಗಗಳಲ್ಲಿ ಇಂತಹ ಎಲುಬಿನಿಂದಲೇ, ಇಂತಹ ನರದಿಂದಲೇ ನೋವು ಬಂದಿದೆಯೆಂದು ಖಚಿತವಾಗಿ ತೋರಿಸಲು ವೈದ್ಯಶಾಸ್ತ್ರಕ್ಕೆ ಸಾಧ್ಯವಾಗಿಲ್ಲ. ಒಂದೇ ಬಗೆಯ ನೋವಿನಿಂದ ಆರಂಭಿಸಿದ ಇಬ್ಬರಲ್ಲಿ ಒಬ್ಬರು ತಿಂಗಳೊಳಗೆ ಗದ್ದೆಗೆ ಮರಳಿದರೆ ಇನ್ನೊಬ್ಬರು ವರ್ಷಗಟ್ಟಲೆ ನರಳುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣವನ್ನು ಬೆನ್ನಿನಲ್ಲಿ ಮಾತ್ರವಲ್ಲದೆ ನೋವನ್ನು ಮನುಷ್ಯರು ಅರ್ಥೈಸಿಕೊಳ್ಳುವ ರೀತಿಯಲ್ಲಿಯೂ ಹುಡುಕಬೇಕೆಂಬ ಚಿಂತನೆ 1980ರ ದಶಕದಿಂದ ಬಲಗೊಂಡಿತು. ಬಗ್ಗಿದರೆ ಬೆನ್ನು ಕೆಡುತ್ತದೆಯೆಂದು ಹೆದರಿದವರು ಬಗ್ಗುವುದನ್ನು ಬಿಡುತ್ತಾರೆ, ಬಿಟ್ಟದ್ದರಿಂದ ಮೈ ಬಿಗಿಯುತ್ತದೆ, ಬಿಗಿದ ಮೈ ಇನ್ನಷ್ಟು ನೋಯುತ್ತದೆ, ಹೆದರಿಕೆ ನಿಜವೆನಿಸುತ್ತದೆ. ಈ ಸುತ್ತನ್ನು ಅಳೆಯಲು ಸ್ಕಾಟ್ಲೆಂಡಿನ ಮೂಳೆ ಶಸ್ತ್ರವೈದ್ಯ ಗಾರ್ಡನ್ ವಾಡೆಲ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಭಯ-ವರ್ಜನೆ ನಂಬಿಕೆಗಳ ಪ್ರಶ್ನಾವಳಿಯಲ್ಲಿ 16 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ಸೊನ್ನೆಯಿಂದ 6ರವರೆಗೆ ಅಂಕ. ಅದಕ್ಕೂ ಮುಂಚಿನ ಟ್ಯಾಂಪಾ ಚಲನಭೀತಿ ಮಾಪಕದಲ್ಲಿ 17 ಹೇಳಿಕೆಗಳು, 1996ರ ಬೆನ್ನು ನಂಬಿಕೆಗಳ ಪ್ರಶ್ನಾವಳಿಯಲ್ಲಿ 14 ಹೇಳಿಕೆಗಳು. ಈ ಕೊನೆಯದರಲ್ಲಿ ಎಣಿಕೆಗೆ ಬರುವುದು 9 ಮಾತ್ರ, ಉಳಿದವು ಉತ್ತರಿಸುವವರಿಗೆ ಎಣಿಕೆಯ ಜಾಡು ಸಿಗದಂತೆ ಸೇರಿಸಿದವು.

ಈ ಅಳತೆ ವ್ಯರ್ಥವಾದುದೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಮಾನವಿಕಗಳವರಾದ ನಮಗೆ ಅಂಕಿಗಳನ್ನು ಕಂಡರೆ ಒಂದು ಸಿದ್ಧ ಅಸಹನೆ ಇದೆ; ಅದು ಇಲ್ಲಿ ನಮ್ಮನ್ನು ಹಾದಿ ತಪ್ಪಿಸಬಹುದು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 1997ರಿಂದ 1999ರವರೆಗೆ ದೂರದರ್ಶನದ ಮೂಲಕ ಒಂದು ದೊಡ್ಡ ಪ್ರಚಾರ ನಡೆಯಿತು. ಬೆನ್ನು ನೋವೆಂದು ಮಲಗಿರಬೇಡಿ, ಆದಷ್ಟು ಓಡಾಡಿಕೊಂಡಿರಿ ಎಂಬುದು ಅದರ ಸಾರ. ಪ್ರಚಾರವಿಲ್ಲದ ನೆರೆಯ ನ್ಯೂ ಸೌತ್ ವೇಲ್ಸ್ ರಾಜ್ಯದೊಡನೆ ಹೋಲಿಸಿದಾಗ ವಿಕ್ಟೋರಿಯದ ಜನರ ನಂಬಿಕೆಗಳು ಗಮನಾರ್ಹವಾಗಿ ಬದಲಾಗಿದ್ದವು. ಬೆನ್ನುನೋವಿಗಾಗಿ ಕಾರ್ಮಿಕರು ಸಲ್ಲಿಸುವ ಪರಿಹಾರದ ಅರ್ಜಿಗಳೂ ಇಳಿದವು. ನಂಬಿಕೆ ಬದಲಾಯಿತೆಂದು ತಿಳಿದದ್ದು ಮೇಲೆ ಹೇಳಿದ 14 ಹೇಳಿಕೆಗಳ ಪ್ರಶ್ನಾವಳಿಯಿಂದಲೇ. ಜಗತ್ತಿನಲ್ಲಿ 2020ರ ಹೊತ್ತಿಗೆ ಸುಮಾರು 61.9 ಕೋಟಿ ಜನರು ಸೊಂಟನೋವಿನಿಂದ ಬಳಲುತ್ತಿದ್ದರೆಂಬ ಅಂದಾಜಿದೆ. ಇಷ್ಟು ಜನರ ಸಂಕಟದ ಒಂದು ಭಾಗ ಮಾತಿನಿಂದ ಹುಟ್ಟಿ ಮಾತಿನಿಂದ ಇಳಿಯುವುದಾದರೆ, ಭಾಷೆಯನ್ನು ಓದುವ ವಿಭಾಗಗಳಿಗೆ ಅದರಲ್ಲಿ ಪಾಲಿಲ್ಲವೆಂದು ಹೇಳುವುದು ಹೇಗೆ?

ಪ್ರಶ್ನೆ ಇರುವುದು ಈ ಸಲಕರಣೆಗಳು ಕನ್ನಡಕ್ಕೆ ಬರುವ ಬಗೆಯಲ್ಲಿ. ಮೊದಲ ತೊಡಕು ಶೀರ್ಷಿಕೆಯಲ್ಲಿಯೇ ಇದೆ. ‘ನಂಬಿಕೆ’ ಎಂಬ ಪದವನ್ನು ನಾವು ಯೋಚಿಸದೆ ಬಳಸುತ್ತೇವೆ. ಇಂಗ್ಲಿಷಿನ ಮೂಲಪದ ಮನೋವಿಜ್ಞಾನದಲ್ಲಿ ಸಪ್ಪೆಯಾದ ಪದ. ಮಳೆ ಬರುತ್ತದೆಂದು ಭಾವಿಸುವುದೂ ಅಲ್ಲಿ ಅದೇ. ಕನ್ನಡದಲ್ಲಿ ನಂಬಿಕೆ ಎಂದರೆ ವಿಶ್ವಾಸ, ಭರವಸೆ, ಶ್ರದ್ಧೆ. ದೇವರನ್ನು ನಂಬುತ್ತೇವೆ, ಮನುಷ್ಯರನ್ನು ನಂಬುತ್ತೇವೆ, ನಂಬಿ ಕೆಡುತ್ತೇವೆ. ಬೆನ್ನಿನ ಬಗ್ಗೆ ಯಾರೂ ಏನನ್ನೂ ನಂಬುವುದಿಲ್ಲ. ‘ನನಗೆ ಹಾಗನ್ನಿಸುತ್ತದೆ’ ಎನ್ನುತ್ತಾರೆ. ಇನ್ನೊಂದು ಕಡೆ, ಶಾಲೆಯ ಪಠ್ಯಗಳಿಂದ ಹಿಡಿದು ಬೀದಿನಾಟಕಗಳವರೆಗೆ ‘ಮೂಢನಂಬಿಕೆ’ ಎಂಬ ಸಮಾಸವು ಈ ಪದದ ಮೇಲೆ ಚಾಚಿರುವ ನೆರಳು ಸಣ್ಣದಲ್ಲ. ಆಸ್ಪತ್ರೆಯೊಳಗೆ, ಬಿಳಿ ಕೋಟು ತೊಟ್ಟವರೊಬ್ಬರು ‘ನಿಮ್ಮ ನಂಬಿಕೆಗಳನ್ನು ಕೇಳುತ್ತೇವೆ’ ಎಂದೊಡನೆ ಎದುರಿಗೆ ಕುಳಿತವರು ಎಚ್ಚೆತ್ತುಕೊಳ್ಳುತ್ತಾರೆ. ನಾನು ಕಂಡ ಹಿರಿಯರೊಬ್ಬರು, ಸೊಸೈಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹಾಳೆಯ ತಲೆಬರಹ ಓದಿ, “ನಮಗೆ ಅಂಥದ್ದೆಲ್ಲ ಏನೂ ಇಲ್ಲಮ್ಮ, ನಾವು ಡಾಕ್ಟರ್ ಹೇಳಿದ ಹಾಗೆ ಕೇಳೋರು” ಎಂದರು. ಅಳತೆ ಆರಂಭವಾಗುವ ಮೊದಲೇ ಅವರು ಅದರಿಂದ ಹೊರಗೆ ನಿಂತಿದ್ದರು. ಆಮೇಲೆ ಅವರು ಹಾಕಿದ ಅಂಕಗಳೆಲ್ಲ ಆ ಮಾತಿಗೆ ನಿಷ್ಠವಾಗಿಯೇ ಇದ್ದಿರಬೇಕು.

ಇದರಲ್ಲಿ ಒಂದು ಅನ್ಯಾಯವೂ ಅಡಗಿದೆ. ರೋಗಿ ತಿಳಿದದ್ದು ‘ನಂಬಿಕೆ’, ವೈದ್ಯರು ತಿಳಿದದ್ದು ‘ಜ್ಞಾನ’ ಎಂಬ ಶ್ರೇಣಿಯನ್ನು ಪ್ರಶ್ನಾವಳಿ ಮೌನವಾಗಿ ಒಪ್ಪಿಕೊಂಡಿದೆ. ಆದರೆ ಸೊಂಟನೋವಿಗೆ ಮಲಗಿ ವಿಶ್ರಾಂತಿ ತೆಗೆದುಕೊಳ್ಳಬೇಕೆಂಬ, ಇಂದು ಅಂಕ ಕಳೆಯುವ ‘ನಂಬಿಕೆ’ ಎಲ್ಲಿಂದ ಬಂದಿತು? ಒಂದು ತಲೆಮಾರಿನ ಹಿಂದಿನವರೆಗೆ ಅದು ವೈದ್ಯರ ಆದೇಶವಾಗಿತ್ತು. 1986ರಲ್ಲಿ ಅಮೆರಿಕದ ರಿಚರ್ಡ್ ಡೀಯೊ ಮತ್ತು ಸಂಗಡಿಗರು ಎರಡು ದಿನ ಮಲಗಿದವರಿಗೂ ಏಳು ದಿನ ಮಲಗಿದವರಿಗೂ ನೋವಿನಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿದ ಮೇಲೆಯೇ ಆ ಆದೇಶ ಸಡಿಲವಾದದ್ದು. ಸೊಂಟದ ಬೆಲ್ಟ್ ಮತ್ತು ಟ್ರ್ಯಾಕ್ಷನ್‌ಗಳನ್ನು ದೀರ್ಘಕಾಲದ ಸೊಂಟನೋವಿಗೆ ವಾಡಿಕೆಯಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೇಳಿದೆ. ನಮ್ಮ ಪಟ್ಟಣಗಳ ಔಷಧದ ಅಂಗಡಿಗಳಲ್ಲಿ ಬೆಲ್ಟುಗಳು ಇನ್ನೂ ತೂಗುತ್ತಿವೆ. ‘ಡಿಸ್ಕ್ ಜಾರಿದೆ’, ‘ಎಲುಬು ಸವೆದಿದೆ’ ಎಂಬ ಮಾತುಗಳು ಹಳ್ಳಿಯ ಜಗಲಿಯಲ್ಲಿ ಹುಟ್ಟಿದವಲ್ಲ, ಸ್ಕ್ಯಾನಿಂಗ್ ಕೊಠಡಿಯಿಂದ ಹೊರಟವು. ನೋವೇ ಇಲ್ಲದ ಇಪ್ಪತ್ತರ ವಯಸ್ಸಿನವರಲ್ಲಿ ಸುಮಾರು 37 ಪ್ರತಿಶತ, ಎಂಬತ್ತರವರಲ್ಲಿ 96 ಪ್ರತಿಶತ ಜನರ ಡಿಸ್ಕ್‌ಗಳಲ್ಲಿ ಸವೆತ ಕಾಣುತ್ತದೆಂದು 2015ರಲ್ಲಿ ಪ್ರಕಟವಾದ ಒಂದು ಸಮಗ್ರ ಅವಲೋಕನ ಲೆಕ್ಕ ಹಾಕಿದೆ. ಹಾಗಿರುವಾಗ ವೈದ್ಯರಿಂದ ಕೇಳಿದ್ದನ್ನು ಮರಳಿ ಹೇಳಿದ ರೋಗಿಗೆ ‘ಭಯ ಹೆಚ್ಚು’ ಎಂಬ ಪಟ್ಟಿ ಅಂಟುವುದು ವ್ಯಂಗ್ಯವಲ್ಲವೆ?

ಎರಡನೆಯ ತೊಡಕು ಅಂಗದ ಹೆಸರಿನದು. ಸಂಶೋಧಕರ ಪ್ರಕಾರ ನೋವಿನ ಕ್ಷೇತ್ರ ಕೊನೆಯ ಪಕ್ಕೆಲುಬಿನ ಕೆಳಗಿನಿಂದ ಪಿರ್ರೆಯ ಕೆಳ ಮಡಿಕೆಯವರೆಗೆ. ನಮ್ಮ ಯಾವ ಪದವೂ ಇಷ್ಟು ಜಾಗವನ್ನು ಇಷ್ಟೇ ಅಳತೆಯಲ್ಲಿ ಹಿಡಿಯುವುದಿಲ್ಲ. ಬೆನ್ನು ಎಂದರೆ ಕುತ್ತಿಗೆಯ ಕೆಳಗಿನಿಂದ ಆರಂಭವಾಗುತ್ತದೆ. ಸೊಂಟ ಎಂದರೆ ಸುತ್ತಲೂ ಬರುತ್ತದೆ. ಡಾಬು ಕಟ್ಟುವ ಜಾಗವೂ ಅದೇ, ಕೂಸನ್ನು ಎತ್ತಿಕೊಳ್ಳುವ ಜಾಗವೂ ಅದೇ. ಉತ್ತರ ಕರ್ನಾಟಕದ ‘ನಡ’ ಮತ್ತು ‘ಟೊಂಕ’ಗಳು ಹತ್ತಿರ ಬರುತ್ತವೆ, ಆದರೆ ಮೈಸೂರು ಸೀಮೆಯಲ್ಲಿ ಟೊಂಕ ಉಳಿದಿರುವುದು ‘ಟೊಂಕ ಕಟ್ಟಿ ನಿಲ್ಲು’ ಎಂಬ ನುಡಿಗಟ್ಟಿನಲ್ಲಿ ಮಾತ್ರ. ನಾನು ತಿದ್ದಿ ಕೊಟ್ಟ ‘ಕೆಳಬೆನ್ನು’ ಎಂಬ ಸಮಾಸವನ್ನು ಆ ಎರಡು ದಿನಗಳಲ್ಲಿ ರೋಗಿಗಳು ಯಾರೂ ಬಳಸಲಿಲ್ಲ. ಒಂದು ಚಿತ್ರ ಬರೆದು ಆ ಜಾಗಕ್ಕೆ ಗೀಟು ಎಳೆದು ತೋರಿಸಿದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ. ಆದ್ದರಿಂದ ಇದರ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ.

ಚಿತ್ರದಿಂದ ನೀಗದ ತೊಡಕೆಂದರೆ ‘ನೋವು’ ಎಂಬುದೇ. ಈ ಪ್ರಶ್ನಾವಳಿಗಳೆಲ್ಲವೂ ಒಂದು ಭೇದದ ಮೇಲೆ ನಿಂತಿವೆ: ನೋಯುವುದು ಬೇರೆ, ಒಳಗಿನ ಅಂಗಕ್ಕೆ ಧಕ್ಕೆಯಾಗುವುದು ಬೇರೆ. ಈ ಎರಡನ್ನೂ ಒಂದೆಂದು ಭಾವಿಸಿದವರಿಗೆ ಭಯದ ಅಂಕ ಏರುತ್ತದೆ. ಕನ್ನಡದ ಆಡುಮಾತಿನಲ್ಲಿ ‘ಮಗು ಬಿದ್ದು ಕಾಲು ನೋವು ಮಾಡಿಕೊಂಡಿತು’ ಎಂದರೆ ಏನರ್ಥ? ಪೆಟ್ಟಾಯಿತೆಂದೇ ಅರ್ಥ. ‘ಗಾಯ ನೋವು ಏನಾದರೂ ಆಯಿತೇ’ ಎಂದು ಜೋಡಿಸಿ ಕೇಳುತ್ತೇವೆ. ನೋವು ಎಂಬ ಪದದೊಳಗೇ ಪೆಟ್ಟು ಸ್ವಲ್ಪಮಟ್ಟಿಗೆ ಸೇರಿಕೊಂಡಿದೆ. ಹೀಗಿರುವಾಗ ‘ನೋವು ಬಂದಿದೆಯೆಂದರೆ ದೇಹಕ್ಕೆ ಪೆಟ್ಟಾಗಿದೆಯೆಂದು ಅರ್ಥ’ ಎಂಬ ಬಗೆಯ ಹೇಳಿಕೆಯನ್ನು ಮುಂದಿಟ್ಟು ಒಪ್ಪುತ್ತೀರಾ ಎಂದು ಕೇಳಿದರೆ, ರೋಗಿ ಉತ್ತರಿಸುತ್ತಿರುವುದು ತನ್ನ ಬೆನ್ನಿನ ಬಗ್ಗೆಯೋ ಪದದ ಅರ್ಥದ ಬಗ್ಗೆಯೋ? ನಾನು ಹಾಕಿದ ‘ಹಾನಿಕಾರಕ’ ಎಂಬ ಪದದಿಂದ ಕೇಡು ಇನ್ನಷ್ಟು ಹೆಚ್ಚಾಯಿತು. ಅದು ಸಿಗರೇಟು ಮತ್ತು ಮದ್ಯದ ಎಚ್ಚರಿಕೆಯ ಪದ. ‘ಬಗ್ಗುವುದು ಹಾನಿಕಾರಕವೇ’ ಎಂದು ಕೇಳಿದಾಗ ಒಬ್ಬ ಗಾರೆ ಕೆಲಸದವರು ನಕ್ಕು, “ಬೀಡಿ ಬಿಟ್ಟು ಐದು ವರ್ಷ ಆಯ್ತು ಮೇಡಂ” ಎಂದರು. ‘ಬಗ್ಗಿದರೆ ಒಳಗೆ ಇನ್ನೂ ಕೆಡುತ್ತದೆ ಎಂದು ಹೆದರಿಕೆಯೇ’ ಎಂದು ವಿದ್ಯಾರ್ಥಿನಿ ಮೊದಲು ಬರೆದಿದ್ದೇ ಸರಿಯಾಗಿತ್ತು. ಅದನ್ನು ಹೊಡೆದು ಹಾಕಿದ್ದು ನನ್ನ ಪಾಂಡಿತ್ಯ.

ನೋವಿನ ವರ್ಣನೆಯ ಬಗ್ಗೆ ಇಲ್ಲೊಂದು ಸಣ್ಣ ವಿಷಯಾಂತರ. ಮಾಂಟ್ರಿಯಲ್‌ನ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ರೂಪಿಸಿದ ಮೆಗಿಲ್ ಪ್ರಶ್ನಾವಳಿಯಲ್ಲಿ ನೋವಿನ ಗುಣವನ್ನು ಹೇಳುವ 78 ಪದಗಳು 20 ಗುಂಪುಗಳಲ್ಲಿವೆ, ಎಲ್ಲವೂ ವಿಶೇಷಣಗಳು. ಕನ್ನಡದಲ್ಲಿ ನೋವಿಗೆ ವಿಶೇಷಣಕ್ಕಿಂತ ಕ್ರಿಯಾಪದ ಒಗ್ಗುತ್ತದೆ. ಸೆಳೆಯುತ್ತದೆ, ಸಿಡಿಯುತ್ತದೆ, ತಿವಿಯುತ್ತದೆ, ಹರಿಯುತ್ತದೆ, ಹಿಡಿದುಕೊಂಡಿದೆ, ಕಚ್ಚಿಕೊಂಡಿದೆ. ಜೊತೆಗೆ ಚಳಕ್, ಜುಮುಜುಮು, ಚುರುಚುರು ಎಂಬ, ವ್ಯಾಕರಣದಲ್ಲಿ ಅನುಕರಣಾವ್ಯಯಗಳ ಪಟ್ಟಿಗೆ ಸೇರಿ ಮೂಲೆಗೆ ಬಿದ್ದಿರುವ ಪದಗಳು. ನೋವನ್ನು ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿರುತ್ತಾರೆ: ‘ನನಗೆ’ ನೋವು. ಕರ್ತೃಸ್ಥಾನದಲ್ಲಿ ನೋವೋ ಸೊಂಟವೋ ಇರುತ್ತದೆ. ಹಿಡಿದುಕೊಳ್ಳುವುದು ಸೊಂಟ; ಮನುಷ್ಯನಲ್ಲ. ಇಂಗ್ಲಿಷಿನ ‘ನಾನು ಮಾಡುತ್ತೇನೆ, ನಾನು ತಪ್ಪಿಸುತ್ತೇನೆ, ನಾನು ಭಾವಿಸುತ್ತೇನೆ’ ಎಂಬ ಹೇಳಿಕೆಗಳ ಸಾಲನ್ನು ಹಾಗೆಯೇ ತಂದಾಗ ಕನ್ನಡದಲ್ಲಿ ಅದು ಪ್ರತಿಜ್ಞಾವಿಧಿಯಂತೆ ಕೇಳುವುದಕ್ಕೆ ಇದೇ ಕಾರಣವಿರಬೇಕು. ನಮ್ಮ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಬೆಳೆಸಿದರೆ ಒಳ್ಳೆಯ ಪ್ರಬಂಧವೇ ಆದೀತು.

ಮುಂದಿನದು ‘ಕೆಲಸ’. ವಾಡೆಲ್ ಪ್ರಶ್ನಾವಳಿಯಲ್ಲಿ ಅಂಕಕ್ಕೆ ಬರುವ 11 ಹೇಳಿಕೆಗಳಲ್ಲಿ 7 ಕೆಲಸಕ್ಕೆ ಸಂಬಂಧಿಸಿದವು. ಅವುಗಳ ಗರಿಷ್ಠ ಮೊತ್ತ 42. ಕೆಲಸದಿಂದ ನೋವು ಬಂದಿತೆ, ಈ ನೋವಿನಲ್ಲಿ ಎಂದಿನ ಕೆಲಸ ಮಾಡಬಾರದೆ, ಮೂರು ತಿಂಗಳೊಳಗೆ ಕೆಲಸಕ್ಕೆ ಮರಳುವೆನೆ ಎಂಬಂಥವು. ಅಂಕಕ್ಕೆ ಬಾರದ ಹೇಳಿಕೆಗಳಲ್ಲಿ ಒಂದು ಪರಿಹಾರಧನದ ಅರ್ಜಿಯನ್ನು ಕುರಿತದ್ದು. ಇವುಗಳ ಹಿಂದೆ ಒಂದು ಲೋಕವಿದೆ: ಸಂಬಳದ ನೌಕರಿ, ರಜೆಯ ಚೀಟಿ, ವಿಮೆ, ಬಿಟ್ಟು ಹೋಗಬಹುದಾದ ಮತ್ತು ಮರಳಿ ಬರಬಹುದಾದ ಒಂದು ಕೆಲಸದ ಸ್ಥಳ. ಆ ಬೆಳಿಗ್ಗೆ ಎದುರಿಗಿದ್ದವರು ಅರವತ್ತರ ಆಸುಪಾಸಿನ ಹೆಂಗಸು. ಸಂಭಾಷಣೆ ನನಗೆ ನೆನಪಿರುವಂತೆ ಹೀಗಿತ್ತು.

“ಅಮ್ಮಾ, ನೀವೇನು ಕೆಲಸ ಮಾಡ್ತೀರ?”

“ಏನ್ ಕೆಲ್ಸ ಕಣವ್ವಾ, ಮನೇಲೇ ಇರ್ತೀನಿ.”

“ಹಾಗಾದ್ರೆ ಕೆಲಸ ಇಲ್ಲ ಅಂತ ಬರ್ಕೊಳ್ಲಾ?”

“ಬರ್ಕೊ. ಎರಡು ಹಸ ಅವೆ, ಹಾಲ್ ಕರ್ದು ಡೈರಿಗೆ ಹಾಕ್ಬೇಕು. ನಾಟಿ ಟೇಮ್‌ನಲ್ಲಿ ಕೂಲಿಗ್ ಹೋಯ್ತೀನಿ. ಅದ್ ಬುಟ್ರೆ ಇನ್ನೇನಿಲ್ಲ.”

ಹಾಳೆಯಲ್ಲಿ ‘ಗೃಹಿಣಿ’ ಎಂದು ಬರೆಯಲಾಯಿತು. ಕೆಲಸದ 7 ಹೇಳಿಕೆಗಳ ಮುಂದೆ ‘ಅನ್ವಯಿಸುವುದಿಲ್ಲ’ ಎಂದು ಗೀಟು ಬಿತ್ತು. ಮೊಣಕಾಲುದ್ದ ಕೆಸರಿನಲ್ಲಿ ದಿನವಿಡೀ ಬಗ್ಗಿ ಪೈರು ಊರುವ ಸೊಂಟವೊಂದು ಹೀಗೆ ಲೆಕ್ಕದಿಂದ ಜಾರಿತು. ತಪ್ಪು ವಿದ್ಯಾರ್ಥಿನಿಯದಲ್ಲ. ‘ಕೆಲಸ’ ಎಂಬ ಪದ ನಮ್ಮಲ್ಲಿ ಕೂಲಿ, ಚಾಕರಿ, ಬೇಸಾಯ, ಮನೆವಾರ್ತೆಗಳ ನಡುವೆ ಹೇಗೆ ಹಂಚಿಕೊಂಡಿದೆ, ಹೆಂಗಸರು ತಮ್ಮ ದುಡಿಮೆಯನ್ನು ಅದರಿಂದ ಯಾಕೆ ಹೊರಗಿಡುತ್ತಾರೆ ಎಂಬುದು ಸ್ತ್ರೀವಾದಿ ಚಿಂತನೆಯನ್ನು ಓದಿರುವ ಕನ್ನಡದ ವಿದ್ಯಾರ್ಥಿಗಳಿಗೆ ಗೊತ್ತಿರುವ ಸಂಗತಿ. ಗೊತ್ತಿದ್ದ ನಾನು ಅದನ್ನು ಆ ಹಾಳೆಯ ಹತ್ತಿರಕ್ಕೆ ತರಲಿಲ್ಲ. ಅದೇ ಪ್ರಶ್ನಾವಳಿ ದೇಹದ ಚಲನೆಗೆ ಕೊಡುವ ಉದಾಹರಣೆಗಳಲ್ಲಿ ಬಗ್ಗುವುದು, ಎತ್ತುವುದು, ನಡೆಯುವುದರ ಜೊತೆಗೆ ವಾಹನ ಓಡಿಸುವುದೂ ಇದೆ. ಅದನ್ನು ‘ವಾಹನ ಚಾಲನೆ’ ಎಂದು ನಾನು ನಿಷ್ಠೆಯಿಂದ ಅನುವಾದಿಸಿದ್ದೆ. ಹೊಂಡ ಬಿದ್ದ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬರುವುದು ಎಂದು ಹಾಕಿದ್ದರೆ ಆ ಹೆಂಗಸಿಗೆ ತಕ್ಷಣ ತಿಳಿಯುತ್ತಿತ್ತು. ಇನ್ನೊಂದು ಪ್ರಶ್ನಾವಳಿ ಬೆನ್ನುನೋವು ಮುಂದೆ ಗಾಲಿಕುರ್ಚಿಗೆ ತಂದು ನಿಲ್ಲಿಸಬಹುದೆಂಬ ಭಯವನ್ನು ಕೇಳುತ್ತದೆ. ನಮ್ಮ ಭಯದ ರೂಪಕ ಗಾಲಿಕುರ್ಚಿಯಲ್ಲ, ‘ಹಾಸಿಗೆ ಹಿಡಿಯುವುದು’. ಅದಕ್ಕಿಂತ ಹೆಚ್ಚಾಗಿ, ಮೂಲೆ ಸೇರಿ ಇನ್ನೊಬ್ಬರ ಕೈ ಕಾಯುವುದು.

ಉತ್ತರಿಸುವ ಕ್ರಮಕ್ಕೆ ಬರೋಣ. 1932ರಲ್ಲಿ ರೆನ್ಸಿಸ್ ಲೈಕರ್ಟ್ ರೂಪಿಸಿದ ವಿಧಾನದ ಸಂತತಿಯೇ ಇವೆಲ್ಲ: ಪೂರ್ಣವಾಗಿ ಒಪ್ಪುತ್ತೇನೆ ಎಂಬಲ್ಲಿಂದ ಸ್ವಲ್ಪವೂ ಒಪ್ಪುವುದಿಲ್ಲ ಎಂಬವರೆಗೆ ಮೆಟ್ಟಿಲುಗಳು. ‘ಒಪ್ಪು’ ಎಂಬ ಧಾತುವಿಗೆ ಕನ್ನಡದಲ್ಲಿ ಸಾಮಾಜಿಕ ಭಾರವಿದೆ. ಹೆಣ್ಣು ಗಂಡು ಒಪ್ಪುವುದು, ತಪ್ಪೊಪ್ಪುವುದು, ಹಿರಿಯರ ಮಾತನ್ನು ಒಪ್ಪುವುದು. ಆಸ್ಪತ್ರೆಯವರು ಓದಿ ಹೇಳಿದ ವಾಕ್ಯವೊಂದನ್ನು ‘ಒಪ್ಪುವುದಿಲ್ಲ’ ಎನ್ನುವುದು ಮರ್ಯಾದೆಗೆಟ್ಟ ನಡವಳಿಕೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಏಳು ವರ್ಷ ಮೀರಿದವರಲ್ಲಿ ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರು ಅನಕ್ಷರಸ್ಥರು. ಸೊಂಟನೋವಿನ ವಯಸ್ಸಿನ ಗ್ರಾಮೀಣ ಹೆಂಗಸರಲ್ಲಿ ಆ ಪ್ರಮಾಣ ಇನ್ನೂ ಹೆಚ್ಚೆಂಬುದನ್ನು ಹೇಳಬೇಕಿಲ್ಲ. ಆದ್ದರಿಂದ ತಾವೇ ಓದಿ ತುಂಬಲೆಂದು ರಚಿತವಾದ ಹಾಳೆಯು ಇಲ್ಲಿ ಮಾತುಕತೆಯಾಗಿ ಮಾರ್ಪಡುತ್ತದೆ. ಸೊನ್ನೆಯಿಂದ ಆರರೊಳಗೆ ಎಷ್ಟು ಎಂದು ಮೂರು ಸಲ ಕೇಳಿದ ಮೇಲೆ ಅದೇ ತಾಯಿ, “ನೀನೇ ನೋಡಿ ಹಾಕ್ಕೊ ಮಗ, ನಿಂಗ್ ಗೊತ್ತಾಗಕಿಲ್ವಾ?” ಎಂದರು. ಹಾಕಿಕೊಳ್ಳಲಾಯಿತು.

ನಿಷೇಧಾರ್ಥದ ಹೇಳಿಕೆಗಳದು ಇನ್ನೊಂದು ಕಥೆ. ಟ್ಯಾಂಪಾ ಮಾಪಕದಲ್ಲಿ 4 ಹೇಳಿಕೆಗಳನ್ನು ತಿರುವಿ ಎಣಿಸಬೇಕು. ‘ನೋವಿದ್ದರೂ ಇದು ಅಪಾಯವಲ್ಲ’ ಎಂಬ ಬಗೆಯ ವಾಕ್ಯವನ್ನು ಓದಿದಾಗ ಕನ್ನಡದವರು ‘ಹೌದು, ಅಪಾಯವಲ್ಲ’ ಎಂದೂ ಒಪ್ಪಬಹುದು, ‘ಇಲ್ಲ, ಅಪಾಯವಲ್ಲ’ ಎಂದೂ ಒಪ್ಪಬಹುದು. ಎರಡೂ ಸಹಜ. ಕೇಳುವವರು ‘ಇಲ್ಲ’ ಎಂಬುದನ್ನು ಅಸಮ್ಮತಿಯೆಂದು ಗುರುತಿಸಿಕೊಂಡರೆ ಧೈರ್ಯವಂತರು ಭಯಗ್ರಸ್ತರಾಗಿ ದಾಖಲಾಗುತ್ತಾರೆ.

ಇಷ್ಟಾದರೂ ಪ್ರಬಂಧದಲ್ಲಿ ಅಂಕಿಗಳು ಸುಂದರವಾಗಿಯೇ ಬರುತ್ತವೆ. ಹೇಳಿಕೆಗಳು ಒಂದಕ್ಕೊಂದು ಹೊಂದಿಕೊಂಡಿವೆಯೇ ಎಂಬುದನ್ನು ತೋರಿಸಲು ಕ್ರೋನ್‌ಬಾಕ್ 1951ರಲ್ಲಿ ಮಂಡಿಸಿದ ಆಲ್ಫಾ ಎಂಬ ಗುಣಕವನ್ನು ಬಳಸುತ್ತಾರೆ. ಅದು 0.7 ದಾಟಿದರೆ ಸಾಕೆಂಬುದು ವಾಡಿಕೆ. ಆದರೆ ಎಲ್ಲ ಹೇಳಿಕೆಗಳೂ ಒಂದೇ ದಿಕ್ಕಿಗೆ ಮುಖ ಮಾಡಿರುವ ಪ್ರಶ್ನಾವಳಿಯಲ್ಲಿ, ಎಲ್ಲದಕ್ಕೂ ತಲೆಯಾಡಿಸುವವರು ಹೆಚ್ಚಿದ್ದಷ್ಟೂ ಆಲ್ಫಾ ಏರುತ್ತದೆ. ವಿನಯವು ವಿಶ್ವಾಸಾರ್ಹತೆಯ ವೇಷ ತೊಟ್ಟು ಬರುತ್ತದೆ. ಒಂದು ವಾರದ ಬಳಿಕ ಮತ್ತೆ ಕೇಳಿದಾಗಲೂ ಅದೇ ಉತ್ತರ ಬಂದರೆ, ಆ ವಿನಯ ಸ್ಥಿರವಾಗಿದೆಯೆಂದೂ ಅದಕ್ಕೆ ಅರ್ಥವಿರಬಹುದು. ಸಂಖ್ಯಾಶಾಸ್ತ್ರ ಬಲ್ಲವರು ಇದನ್ನು ಅರಿಯದವರಲ್ಲ. ಆದರೆ ಅದನ್ನು ಪತ್ತೆ ಹಚ್ಚಲು ಬೇಕಾದ ಕಿವಿ ಅವರ ಸೂತ್ರದೊಳಗಿಲ್ಲ.

ಅಳತೆಯ ಹೊರಗೇ ಉಳಿದವುಗಳದು ದೊಡ್ಡ ಪಟ್ಟಿ. ನಮ್ಮ ಹೆಂಗಸರು ಸೊಂಟನೋವಿಗೆ ಕೊಡುವ ಕಾರಣಗಳಲ್ಲಿ ಹೆರಿಗೆಯ ಆಪರೇಷನ್‌ಗೆಂದು ಬೆನ್ನಿಗೆ ಹಾಕಿದ ಇಂಜೆಕ್ಷನ್, ಮಕ್ಕಳಾಗದಂತೆ ಮಾಡಿಸಿದ ಆಪರೇಷನ್, ಸರಿಯಾಗಿ ಆಗದ ಬಾಣಂತನ ಇವು ಮತ್ತೆ ಮತ್ತೆ ಕೇಳಿಬರುತ್ತವೆ. ವಾಯು, ಉಷ್ಣ, ಥಂಡಿಗಳ ವಿವರಣೆ ಇದೆ. ಉಳುಕು ಎಂಬುದಂತೂ ಬರೀ ಲಕ್ಷಣವಲ್ಲ, ಒಂದು ಪೂರ್ಣ ಸಿದ್ಧಾಂತ: ಒಳಗೆ ಏನೋ ಜಾಗ ತಪ್ಪಿದೆ, ನೀವಿದರೆ ಜಾಗಕ್ಕೆ ಬರುತ್ತದೆ. ಹುಟ್ಟುವಾಗ ಕಾಲು ಮುಂದಾಗಿ ಬಂದವರಿಂದ ಸೊಂಟವನ್ನು ತುಳಿಸಿಕೊಳ್ಳುವ ಪದ್ಧತಿ ಹಲವೆಡೆ ಇನ್ನೂ ಇದೆ. ಗಮನಿಸಬೇಕಾದ ಅಂಶವೆಂದರೆ, ಉಳುಕಿನ ಕಲ್ಪನೆಯಲ್ಲಿ ಗುಣವಾಗುತ್ತದೆಂಬ ಭರವಸೆ ಇದೆ. ಸ್ಕ್ಯಾನಿಂಗ್ ಕೊಟ್ಟ ‘ಸವೆತ’ದಲ್ಲಿ ಅದಿಲ್ಲ. ಬಾಣಂತನದ ವಿವರಣೆಯಲ್ಲಿ ತನ್ನನ್ನು ಯಾರೂ ನೋಡಿಕೊಳ್ಳಲಿಲ್ಲವೆಂಬ ದೂರು ಇದೆ. ಇವು ಭಯ ಹೆಚ್ಚೋ ಕಡಿಮೆಯೋ ಎಂಬ ಒಂದೇ ಗೆರೆಯ ಮೇಲೆ ಕೂರುವಂಥವಲ್ಲ. ಇವನ್ನು ದೇಸಿ ಜ್ಞಾನವೆಂದು ತಲೆಯ ಮೇಲೆ ಹೊತ್ತು ಮೆರೆಸಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಜಾನಪದ ಅಧ್ಯಯನಗಳಲ್ಲಿ ಆ ಮೆರವಣಿಗೆ ಸಾಕಷ್ಟು ನಡೆದಿದೆ. ಬೆನ್ನಿನ ಇಂಜೆಕ್ಷನ್ನಿನ ಹೆದರಿಕೆಯಿಂದ ಹತ್ತು ವರ್ಷ ಭಾರ ಎತ್ತದೆ ಕುಳಿತವರಿಗೆ ಆ ಹೆದರಿಕೆ ಹೋಗಲೇಬೇಕು. ಆದರೆ ಕೇಳದೇ ಇದ್ದುದು ಹೋಗುವುದು ಹೇಗೆ?

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಅನುವಾದಕ್ಕೆ ಅಂತಾರಾಷ್ಟ್ರೀಯ ಮಾರ್ಗಸೂಚಿಗಳಿವೆ, ಕನ್ನಡ ವಿಭಾಗದವರು ಹೊಸದಾಗಿ ಹೇಳುವುದೇನಿದೆ ಎಂಬುದು ಆ ಆಕ್ಷೇಪ. ಇದು ನಿಜ. ಬೀಟನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ, ವ್ಯಾಪಕವಾಗಿ ಬಳಕೆಯಲ್ಲಿರುವ ಕ್ರಮದಂತೆ ಇಬ್ಬರು ಪ್ರತ್ಯೇಕವಾಗಿ ಅನುವಾದಿಸಬೇಕು, ಅವರಲ್ಲೊಬ್ಬರು ವೈದ್ಯಕೀಯದ ಹಿನ್ನೆಲೆ ಇಲ್ಲದವರಾಗಿರಬೇಕು. ಎರಡನ್ನೂ ಕೂಡಿಸಿ ಒಂದು ಪಾಠ ಸಿದ್ಧಪಡಿಸಬೇಕು. ಮೂಲವನ್ನು ನೋಡದ ಇಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತರಬೇಕು. ತಜ್ಞರ ಸಮಿತಿ ಎಲ್ಲವನ್ನೂ ಪರಿಶೀಲಿಸಬೇಕು. ಕೊನೆಗೆ 30ರಿಂದ 40 ಜನರ ಮೇಲೆ ಪ್ರಯೋಗಿಸಿ, ಪ್ರತಿ ವಾಕ್ಯಕ್ಕೂ ಅವರು ಏನರ್ಥ ಮಾಡಿಕೊಂಡರೆಂದು ಕೇಳಬೇಕು. ಆ ತಜ್ಞರ ಸಮಿತಿಯಲ್ಲಿ ಭಾಷಾತಜ್ಞರೊಬ್ಬರಿಗೆ ಪೀಠವಿದೆ. ಪಠ್ಯಸಂಪಾದನೆಯ ಶಿಸ್ತನ್ನು ಬಲ್ಲ ನಮಗೆ ಈ ಕ್ರಮ ಪರಿಚಿತವೆನಿಸಬೇಕು. ಆದರೆ ಆ ಪೀಠದಲ್ಲಿ ನಾವು ಕುಳಿತಿಲ್ಲ. ಅದರ ಮೇಲೆ ನಮ್ಮ ಮೊಹರನ್ನು ಇಟ್ಟು ಬಂದಿದ್ದೇವೆ.

ಮರಳಿ ಅನುವಾದಿಸುವ ಹಂತದ ಮೇಲೆ ಅತಿಯಾದ ಭರವಸೆಯಿದೆ. ಅದು ಪದಕ್ಕೆ ಪದ ಇಟ್ಟ ಅನುವಾದಕ್ಕೇ ಹೆಚ್ಚು ಅಂಕ ಕೊಡುತ್ತದೆಂಬುದನ್ನು ಅನುವಾದ ಮಾಡಿದ ಯಾರೂ ಊಹಿಸಬಲ್ಲರು. ‘ದೈಹಿಕ ಚಟುವಟಿಕೆ’ ಎಂಬುದು ಇಂಗ್ಲಿಷಿಗೆ ಚೊಕ್ಕವಾಗಿ ಮರಳುತ್ತದೆ. ‘ಬಗ್ಗಿ ಎದ್ದು ಮಾಡುವ ಕೆಲಸ’ ಎಂಬುದು ಚೊಕ್ಕವಾಗಿ ಮರಳುವುದಿಲ್ಲ. ಹೀಗೆ ಪರೀಕ್ಷೆಯೇ ಗ್ರಾಂಥಿಕ ಕನ್ನಡವನ್ನು ಆಯ್ದುಕೊಳ್ಳುತ್ತದೆ. ಮೂವತ್ತು ಜನರನ್ನು ಕೂರಿಸಿ ಅರ್ಥ ಕೇಳುವ ಕೊನೆಯ ಹಂತವೇ ಇದಕ್ಕೆ ಮದ್ದು. ಸಮಯದ ಒತ್ತಡದಲ್ಲಿ ಮೊದಲು ಬಲಿಯಾಗುವುದೂ ಅದೇ.

ನಮ್ಮ ವಿಭಾಗಗಳಿಂದ ಆಗಬಹುದಾದದ್ದು ಅಸಾಧ್ಯವಾದುದೇನೂ ಅಲ್ಲ. ಉಪಭಾಷೆಗಳ ಸಮೀಕ್ಷೆ, ವೃತ್ತಿಪದಗಳ ಸಂಗ್ರಹ ನಮ್ಮಲ್ಲಿ ಹಿಂದಿನಿಂದಲೂ ನಡೆದಿವೆ. ಕುಂಬಾರರ, ನೇಯ್ಗೆಯವರ ಪದಗಳನ್ನು ಸಂಗ್ರಹಿಸಿದಂತೆ ನೋವಿನ ಪದಗಳನ್ನು ಜಿಲ್ಲೆವಾರು ಏಕೆ ಸಂಗ್ರಹಿಸಬಾರದು? ಕಿಟೆಲ್ ಕೋಶದಿಂದ ಹಿಡಿದು ಇಂದಿನ ಹೊರರೋಗಿ ವಿಭಾಗದವರೆಗೆ ಬೇನೆ, ಶೂಲೆ, ಸೆಳಕು, ಚಳುಕು, ಉಳುಕುಗಳ ಅರ್ಥವ್ಯಾಪ್ತಿ ಎಲ್ಲೆಲ್ಲಿ ಹೇಗೆ ಬದಲಾಗಿದೆಯೆಂಬುದು ಒಂದು ಒಳ್ಳೆಯ ಪಿಎಚ್.ಡಿ. ವಿಷಯ, ಮತ್ತೊಂದು ಕವಿಯ ಕಾವ್ಯದಲ್ಲಿ ಮಾನವೀಯತೆ ಎಂಬುದಕ್ಕಿಂತ ಉಪಯುಕ್ತವೆಂದು ಹೇಳಿದರೆ ಹಿರಿಯರು ಮುನಿಸಿಕೊಳ್ಳಬಾರದು. ಅನುವಾದ ಪತ್ರಿಕೆಯಲ್ಲಿ ಕಥೆ ಕವಿತೆಗಳ ಜೊತೆಗೆ ಇಂತಹ ಒಂದು ಹಾಳೆಯನ್ನೂ ಪಾಠವಾಗಿಸಬಹುದು. ಪ್ರಮಾಣಪತ್ರದ ವಿಷಯಕ್ಕೆ ಬಂದರೆ, ರೋಗಿಗಳ ಎದುರು ಓದಿಸಿ ನೋಡದ ಅನುವಾದಕ್ಕೆ ಸಹಿ ಹಾಕುವುದಿಲ್ಲವೆಂದು ವಿಭಾಗಗಳು ನಿರ್ಣಯಿಸಬೇಕು. ಇದರಿಂದ ಪ್ರಬಂಧ ಸಲ್ಲಿಸುವ ವಿದ್ಯಾರ್ಥಿಗಳಿಗೆ ತಡವಾಗುತ್ತದೆ, ಅದು ನಿಜವಾದ ಕಷ್ಟ. ಅವರ ಮಾರ್ಗದರ್ಶಕರಿಗೆ ಆರು ತಿಂಗಳು ಮುಂಚಿತವಾಗಿ ಪತ್ರ ಬರೆದು ತಿಳಿಸುವುದನ್ನು ಬಿಟ್ಟರೆ ನನಗೆ ಬೇರೆ ದಾರಿ ಹೊಳೆದಿಲ್ಲ.

ನಾನು ಸಹಿ ಹಾಕಿದ ಪತ್ರ ಆ ಪ್ರಬಂಧದ ಅನುಬಂಧದಲ್ಲಿ ಈಗಲೂ ಇದೆ. ವಿದ್ಯಾರ್ಥಿನಿಗೆ ನಾನು ಕಂಡದ್ದನ್ನು ಹೇಳಿದಾಗ ಆಕೆ ಬೇಸರಪಟ್ಟುಕೊಳ್ಳಲಿಲ್ಲ, “ನನಗೂ ಅನ್ನಿಸಿತ್ತು, ಆದ್ರೆ ನೀವು ಕನ್ನಡದೋರು ತಿದ್ದಿದ್ರಲ್ಲ” ಎಂದರು. ಕಳೆದ ತಿಂಗಳು ಇನ್ನೊಬ್ಬರು ಬೇರೊಂದು ಪ್ರಶ್ನಾವಳಿಯೊಡನೆ ಬಂದಿದ್ದರು. ಹತ್ತು ಜನರಿಗೆ ಓದಿ ಹೇಳಿ, ಅವರು ತಮ್ಮ ಮಾತಿನಲ್ಲಿ ಏನೆಂದರೋ ಅದನ್ನು ಬರೆದು ತರಲು ಕೇಳಿಕೊಂಡೆ. ಎರಡು ವಾರ ಕಳೆದು ಬಂದರು; ಏಳು ಜನರದು ಸಿಕ್ಕಿತ್ತು. ‘ನೋವನ್ನು ನಿಯಂತ್ರಿಸಬಲ್ಲೆ’ ಎಂಬ ವಾಕ್ಯದ ಎದುರು ಒಬ್ಬರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದರು: “ತಡ್ಕೊತೀನಿ.” ತಡೆದುಕೊಳ್ಳುವುದೂ ನಿಯಂತ್ರಿಸುವುದೂ ಒಂದೇ ಅಲ್ಲವೆಂದು ನಾವಿಬ್ಬರೂ ಬಹಳ ಹೊತ್ತು ಚರ್ಚಿಸಿದೆವು. ಆ ವಾಕ್ಯ ಇನ್ನೂ ತೀರ್ಮಾನವಾಗಿಲ್ಲ.